ನೆಕ್ಕರ್ ದಂಡೆಯ ಬೈಸಿಕಲ್ ಯಾತ್ರೆ

ಮೈಸೂರಿನ ವಾಚಕರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಪ್ರೌಢಶಾಲೆಯಲ್ಲಿ ಭೂಗೋಳವನ್ನು ಬೋಧಿಸಿ ನಿವೃತ್ತರಾದ ಉಪಾಧ್ಯಾಯರು, ವಯಸ್ಸು 66, ಸೇವೆಯಲ್ಲಿದ್ದಷ್ಟು ಕಾಲವೂ ಶಾಲೆಗೆ ಬೈಸಿಕಲ್ಲಿನಲ್ಲಿಯೇ ಹೋಗಿಬಂದವರು. ಮಗಳೂ ಅಳಿಯಂದಿರೂ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ನೆಲಸಿದ್ದಾರೆ. ಬರುವ ಶರತ್ಕಾಲಕ್ಕೆ ಅತ್ತೆಮಾವಂದಿರನ್ನು ಕರೆಸಿಕೊಂಡು, ದ್ರಾಕ್ಷಿ ಬೆಳೆಯುವ ಸೀಮೆಗಳಲ್ಲಿ ಬೈಸಿಕಲ್ ಪ್ರವಾಸ ಮಾಡಿಸಬೇಕೆಂಬುದು ಅಳಿಯಂದಿರ ಉತ್ಸಾಹ. ಮೊಸೆಲ್, ರೈನ್, ಆಲ್ಸಾಸ್, ಬರ್ಗಂಡಿ, ಈ ನಾಲ್ಕನ್ನೂ ಎರಡು ವಾರಗಳಲ್ಲಿ ಪೂರೈಸುವ ನಕಾಶೆಯೊಂದನ್ನೂ ಅವರು ಕಳಿಸಿದ್ದಾರಂತೆ. ಮೇಷ್ಟರ ಪ್ರಶ್ನೆ, ಈ ವಯಸ್ಸಿನಲ್ಲಿ ಇದು ಆಗುವ ಮಾತೆ ಎಂಬುದು. ಅವರ ಧರ್ಮಪತ್ನಿಯವರ ಪ್ರಶ್ನೆ ಬೇರೆ: "ನಾವಿಬ್ಬರೂ ಮದ್ಯ ಮುಟ್ಟುವವರಲ್ಲ. ಹೆಂಡದ ನಾಡನ್ನು ನೋಡುವುದಕ್ಕೆ ಅಷ್ಟು ದೂರ ಹೋಗಬೇಕೆ?"

ಆ ತಾಯಿಯ ಪ್ರಶ್ನೆಗೇ ಹೆಚ್ಚು ತೂಕವಿದೆ. ಅದಕ್ಕೆ ನಿಧಾನವಾಗಿ ಬರುತ್ತೇನೆ. ಮೊದಲು ಅಳಿಯಂದಿರ ನಕಾಶೆಯನ್ನು, ಅವರಿಗೆ ನೋವಾಗದಂತೆ, ಮಡಿಸಿ ಪೆಟ್ಟಿಗೆಯಲ್ಲಿಟ್ಟುಬಿಡೋಣ. ನಾಲ್ಕು ಸೀಮೆಗಳನ್ನು ಎರಡು ವಾರದಲ್ಲಿ ನೋಡಹೊರಟವನು ರೈಲು ನಿಲ್ದಾಣಗಳನ್ನು ಮಾತ್ರ ನೋಡಿ ಬರುತ್ತಾನೆ. ಬೈಸಿಕಲ್ ಯಾತ್ರೆಗೆ ಒಂದು ನದಿ ಸಾಕು. ಮೊಸೆಲ್ ನದಿಯ ದಂಡೆ ಜಗತ್ಪ್ರಸಿದ್ಧವಾದದ್ದು. ಚೆಲುವಿನಲ್ಲಿ ಅದೇ ಒಂದು ಕೈ ಮೇಲು ಎನ್ನುವವರೊಡನೆ ನಾನು ಜಗಳವಾಡುವುದಿಲ್ಲ. ಆದರೆ ಮಗಳ ಮನೆಯಿರುವ ಊರಿನ ಮಗ್ಗುಲಲ್ಲಿಯೇ ನೆಕ್ಕರ್ ನದಿ ಹರಿಯುತ್ತಿದೆ. 360 ಕಿ.ಮೀ.ಗೂ ಮಿಕ್ಕಿದ ಈ ನದಿಯುದ್ದಕ್ಕೂ, ಅದು ಹುಟ್ಟುವ ವಿಲ್ಲಿಂಗೆನ್-ಶ್ವೆನ್ನಿಂಗೆನ್ನಿನಿಂದ ರೈನ್ ನದಿಯನ್ನು ಕೂಡುವ ಮಾನ್‌ಹೈಮಿನವರೆಗೆ, ಗುರುತುಫಲಕಗಳುಳ್ಳ ಬೈಸಿಕಲ್ ದಾರಿಯಿದೆ. ಅಂಗಳದಲ್ಲಿರುವುದನ್ನು ಬಿಟ್ಟು ಪಕ್ಕದ ದೇಶಕ್ಕೆ ಓಡುವುದೇಕೆ? ಕನ್ನಡಿಗನಾದವನಿಗೆ ಈ ನದಿಯೇ ತಕ್ಕದ್ದೆನ್ನಲು ಬೇರೊಂದು ಕಾರಣವೂ ಉಂಟು. ದಾರಿಯಲ್ಲಿ ಹೇಳುತ್ತೇನೆ.

ಭೂಗೋಳದ ಮೇಷ್ಟರಿಗೆ ಭೂಗೋಳ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಇಲ್ಲಿನ ದ್ರಾಕ್ಷಿ ನಮ್ಮ ಚಿಕ್ಕಬಳ್ಳಾಪುರದ ಸೀಮೆಯಲ್ಲಿರುವಂತೆ ಚಪ್ಪರದ ಮೇಲೆ ಹಬ್ಬಿರುವುದಿಲ್ಲ. ಬಿಸಿಲು ಕಡಮೆಯಾದ ನಾಡು. ಆದ್ದರಿಂದ ಬಳ್ಳಿಯನ್ನು ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳ ಮೇಲೆ ನೆಡುತ್ತಾರೆ. ಓರೆಯಾದ ನೆಲದ ಮೇಲೆ ಬಿಸಿಲು ನೆಟ್ಟಗೆ ಬೀಳುತ್ತದೆ. ರಾತ್ರಿಯ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಹೋಗುವುದರಿಂದ ವಸಂತದ ಹಿಮಗಾಟಿಗೆ ಚಿಗುರು ಸುಡುವ ಭಯ ಕಡಮೆ. ಬಯಲಿನ ಫಲವತ್ತಾದ ಮಣ್ಣು ಧಾನ್ಯಕ್ಕೆ, ಕಲ್ಲುಗುಡ್ಡ ದ್ರಾಕ್ಷಿಗೆ. ಇದು ಶತಮಾನಗಳಿಂದ ಬಂದ ಪಾಲುಪಟ್ಟಿ. ಬೈಸಿಕಲ್ ಸವಾರನಿಗೆ ಇದರಿಂದ ಮಹೋಪಕಾರವಾಗಿದೆ. ದ್ರಾಕ್ಷಿ ಗುಡ್ಡ ಹತ್ತುತ್ತದೆ, ದಾರಿ ಹೊಳೆಯ ಪಕ್ಕದಲ್ಲಿ ಸಮತಲವಾಗಿ ಸಾಗುತ್ತದೆ. ಏದುಸಿರು ಬಿಡದೆಯೇ ಕತ್ತೆತ್ತಿ ನೋಡುತ್ತ ಹೋಗಬಹುದು.

ಪ್ರವಾಹದ ದಿಕ್ಕಿನಲ್ಲಿ ಸಾಗುವುದೇ ಸರಿ. ಟ್ಯೂಬಿಂಗೆನ್ನಿನಿಂದ ಮಾನ್‌ಹೈಮಿಗೆ ದಾರಿ 250 ಕಿ.ಮೀ. ಆಸುಪಾಸು. ದಿನಕ್ಕೆ 30 ಕಿ.ಮೀ. ಮೀರದಂತೆ, ನಡುವೆ ಎರಡು ದಿನ ಪೂರ್ತಿ ವಿಶ್ರಾಂತಿಯಿಟ್ಟುಕೊಂಡರೆ ಎರಡು ವಾರ ಧಾರಾಳವಾಗಿ ಸಾಕು. ನಿತ್ಯ ಬೈಸಿಕಲ್ ತುಳಿದ ಕಾಲುಗಳಿಗೆ ಇದು ಹೆಚ್ಚಲ್ಲ. ತಾಯಿಯವರಿಗೆ ವಿದ್ಯುತ್ ನೆರವಿನ ಬೈಸಿಕಲ್ಲನ್ನು ಬಾಡಿಗೆಗೆ ಕೊಡಿಸಲಿ. ಗಂಟೆಗೆ 25 ಕಿ.ಮೀ. ವೇಗದವರೆಗೆ ಮಾತ್ರ ಅದರ ಮೋಟಾರು ನೆರವಾಗುತ್ತದೆ. ಅಂಥದಕ್ಕೆ ಪರವಾನಗಿಯ ತಾಪತ್ರಯವಿಲ್ಲ. ನನ್ನ ಸಲಹೆ ಕೇಳುವುದಾದರೆ ಮೇಷ್ಟರೂ ಅದನ್ನೇ ಹತ್ತಲಿ. ಹೆಂಡತಿ ಮುಂದೆ ಹೋಗಿ ಸೇತುವೆಯ ಮೇಲೆ ಕಾಯುತ್ತ ನಿಲ್ಲುವ ಪ್ರಸಂಗ ಗೃಹಶಾಂತಿಗೆ ಒಳ್ಳೆಯದಲ್ಲ.

ನಾಲ್ವತ್ತು ವರ್ಷ ಎಡಗಡೆಯಲ್ಲಿ ಸವಾರಿ ಮಾಡಿದವರು ಅಲ್ಲಿ ಬಲಗಡೆಯಲ್ಲಿ ಸಾಗಬೇಕು. ನೇರ ದಾರಿಯಲ್ಲಿ ಇದು ಸುಲಭ. ಅಪಾಯವಿರುವುದು ತಿರುವಿನಲ್ಲಿ, ಬೆಳಗಿನ ಮೊದಲ ನಿಮಿಷದಲ್ಲಿ, ಫಲಾಹಾರ ಮುಗಿಸಿ ಮೈಮರೆತು ಹೊರಟಾಗ. ಮೊದಲ ಎರಡು ದಿನ ಅಳಿಯಂದಿರು ಮುಂದೆ ಹೋಗಲಿ.

ಕಾಲ ಯಾವುದು? ದ್ರಾಕ್ಷಿಯ ಕೊಯ್ಲು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ಗುಡ್ಡದ ತುಂಬ ಜನ, ಹಳ್ಳಿಯ ಬೀದಿಯಲ್ಲಿ ಹಿಂಡಿದ ರಸದ ಹುಳಿವಾಸನೆ; ಆಗಲೇ ಹೋಗಬೇಕು. ಆದರೆ ಸೆಪ್ಟೆಂಬರ್ ಕೊನೆಯಿಂದ ಎರಡು ವಾರಕ್ಕೂ ಹೆಚ್ಚು ಕಾಲ ಸ್ಟುಟ್‌ಗಾರ್ಟಿನ ಕಾನ್‌ಸ್ಟಾಟ್ ಭಾಗದಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಸುತ್ತಮುತ್ತ ವಸತಿ ದೊರೆಯುವುದು ದುರ್ಲಭ. ಆ ದಿನಗಳಲ್ಲಿ ಮಗಳ ಮನೆಯಲ್ಲಿಯೇ ಮಲಗಿ ಅಲ್ಲಿಂದಲೇ ಸುತ್ತಾಡುವುದು ಜಾಣತನ. ಈ ಜಾತ್ರೆಯ ಹಿಂದೆ ಒಂದು ಕಥೆಯಿದೆ. 1815ರಲ್ಲಿ ಈಗಿನ ಇಂಡೋನೇಷ್ಯದಲ್ಲಿರುವ ತಂಬೋರಾ ಅಗ್ನಿಪರ್ವತ ಸಿಡಿಯಿತು. ಅದರ ಧೂಳು ಆಕಾಶವನ್ನು ಮುಸುಕಿ, ಮರುವರ್ಷ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ವುರ್ಟೆಂಬರ್ಗ್ ಸೀಮೆಯಲ್ಲಿ ಬೆಳೆ ಹೋಯಿತು. ಜನ ಹಸಿವಿನಿಂದ ಸತ್ತರು. ಕ್ಷಾಮ ಕಳೆದ ಮೇಲೆ, 1818ರಲ್ಲಿ, ದೊರೆ ಒಂದನೆಯ ವಿಲ್ಹೆಲ್ಮನು ವ್ಯವಸಾಯವನ್ನು ಪ್ರೋತ್ಸಾಹಿಸಲು ಹೂಡಿದ ಉತ್ಸವವೇ ಈ ಜಾತ್ರೆಯ ಮೂಲ. ಈಗ ಅಲ್ಲಿ ತಿರುಗು ತೊಟ್ಟಿಲುಗಳದೂ ಬಿಯರ್ ಡೇರೆಗಳದೂ ರಾಜ್ಯ.

ಇನ್ನು ದಾರಿ. ಟ್ಯೂಬಿಂಗೆನ್ ವಿದ್ಯಾಪೀಠದ ಊರು. ನದಿಯ ಅಂಚಿನಲ್ಲಿ ಹಳದಿ ಬಣ್ಣದ ಗೋಪುರವೊಂದಿದೆ. ಜರ್ಮನ್ ಕವಿ ಹೋಲ್ಡರ್ಲಿನ್ ಚಿತ್ತಸ್ವಾಸ್ಥ್ಯ ಕಳೆದುಕೊಂಡು 36 ವರ್ಷಗಳನ್ನು ಅಲ್ಲಿ ಕಳೆದು, 1843ರ ಜೂನ್ 7ರಂದು ತೀರಿಕೊಂಡನು. ಅದಾದ ಮೂರೂವರೆ ವಾರಕ್ಕೆ, ಜುಲೈ 1ರಂದು, ಮಂಗಳೂರಿನಲ್ಲಿ ಕನ್ನಡದ ಮೊಟ್ಟಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' ಹೊರಬಿತ್ತು. ಅದನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ಟ್ಯೂಬಿಂಗೆನ್ನಿನಲ್ಲಿ ಮತಶಾಸ್ತ್ರ ಓದಿದವರು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಆ ಗೋಪುರದ ಕೆಳಗೆ ನಿಂತ ಕನ್ನಡಿಗನಿಗೆ ಈ ತಾರೀಖುಗಳು ನೆನಪಾದರೆ ಆ ಊರು ಪರಕೀಯವಾಗಿ ಉಳಿಯುವುದಿಲ್ಲ. ನಮ್ಮ ನಿಘಂಟಿನ ಕಿಟ್ಟೆಲರಿಗೆ 1896ರಲ್ಲಿ ಡಾಕ್ಟರೇಟ್ ಗೌರವ ನೀಡಿದ್ದು ಇಲ್ಲಿನ ವಿದ್ಯಾಪೀಠ. 1903ರಲ್ಲಿ ಅವರು ಕಣ್ಣುಮುಚ್ಚಿದ್ದು ಈ ಊರಿನಲ್ಲಿ.

ಟ್ಯೂಬಿಂಗೆನ್ನಿನಿಂದ ಎಸ್ಲಿಂಗೆನ್ನಿನವರೆಗಿನ ದಾರಿಯಲ್ಲಿ ದ್ರಾಕ್ಷಿಗಿಂತ ಕಾರ್ಖಾನೆಗಳೇ ಹೆಚ್ಚು. ಶಾಸ್ತ್ರಕ್ಕೆಂದು ತುಳಿಯುವ ಹಟವಿಲ್ಲದವರು ಇಷ್ಟನ್ನು ರೈಲಿನಲ್ಲಿ ದಾಟಬಹುದು. ಪ್ರಾದೇಶಿಕ ರೈಲುಗಳಲ್ಲಿ ಬೈಸಿಕಲ್ಲುಗಳಿಗೆ ಅವಕಾಶವುಂಟು. ಕೆಲಸದ ದಿನಗಳ ಮುಂಜಾನೆ 6ರಿಂದ 9 ಗಂಟೆಯ ಜನಸಂದಣಿಯನ್ನು ಮಾತ್ರ ತಪ್ಪಿಸಬೇಕು.

ಎಸ್ಲಿಂಗೆನ್ನಿನಲ್ಲಿ ನಿಜವಾದ ಯಾತ್ರೆ ಆರಂಭ. ಊರ ಚರ್ಚಿನ ಬೆನ್ನಿಗೇ ದ್ರಾಕ್ಷಿಗುಡ್ಡ ಎದ್ದು ನಿಂತಿದೆ. ಮೋಗ್ಲಿಂಗರು ತೀರಿಕೊಂಡದ್ದು ಈ ಊರಿನಲ್ಲಿ, 1881ರಲ್ಲಿ. ಮುಂದೆ ಸ್ಟುಟ್‌ಗಾರ್ಟಿನ ಮೋಟಾರು ಕಾರ್ಖಾನೆಗಳ ನೆತ್ತಿಯ ಮೇಲೆಯೂ ಬಳ್ಳಿಗಳೇ. ಅದನ್ನು ದಾಟಿ, ಕವಿ ಷಿಲ್ಲರ್ ಹುಟ್ಟಿದ ಮಾರ್ಬಾಖ್ ಕಳೆದ ಮೇಲೆ, ನದಿ ಹಾವಿನಂತೆ ಬಳುಕತೊಡಗುತ್ತದೆ. ಮುಂಡೆಲ್ಸ್‌ಹೈಮ್, ಹೆಸ್ಸಿಗ್‌ಹೈಮ್, ಬೆಸಿಗ್‌ಹೈಮ್. ನನ್ನ ಮಾತಿನಲ್ಲಿ ನಂಬಿಕೆಯಿದ್ದರೆ ಈ ಮೂರು ಹಳ್ಳಿಗಳ ನಡುವೆ ಮೂರು ದಿನವಾದರೂ ಇರಿ.

ಏಕೆಂದರೆ ನೋಡಬೇಕಾದದ್ದು ಇರುವುದು ಇಲ್ಲಿ. ಹೊಳೆಯ ಅಂಚಿನಿಂದ ಗುಡ್ಡದ ತುದಿಯವರೆಗೆ ಕಲ್ಲುಗೋಡೆಗಳು, ಒಂದರ ಮೇಲೊಂದು. ಎರಡು ಗೋಡೆಗಳ ನಡುವೆ ಕೆಲವೇ ಸಾಲು ಬಳ್ಳಿಗಳಿಗೆ ಸ್ಥಳವಾಗುವಷ್ಟು ಮಣ್ಣು. ಅಲ್ಲಿಯ ಸುಣ್ಣಕಲ್ಲನ್ನೇ ಒಡೆದು, ಗಾರೆಯ ಸೋಂಕಿಲ್ಲದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಗೋಡೆಗಳಿವು. ಹಗಲಿನ ಬಿಸಿಲನ್ನು ಕುಡಿದಿಟ್ಟುಕೊಂಡು ರಾತ್ರಿ ಬಳ್ಳಿಗೆ ಕಾವು ಕೊಡುತ್ತವೆ. ಸಂದುಗಳಲ್ಲಿ ಹಲ್ಲಿಗಳು ಮನೆಮಾಡಿವೆ. ಮೇಲಕ್ಕೆ ಹೋಗಲು ಕಡಿದಾದ ಕಲ್ಲುಮೆಟ್ಟಲು. ಟ್ರಾಕ್ಟರು ಏರಲಾರದು. ಕೆಲವೆಡೆ ಒಂಟಿ ಕಂಬಿಯ ಮೇಲೆ ಸಣ್ಣ ಯಂತ್ರಗಾಡಿ ಓಡುತ್ತದೆ. ಅದಿಲ್ಲದ ಕಡೆ ಹಣ್ಣನ್ನು ಬೆನ್ನಬುಟ್ಟಿಯಲ್ಲಿ ಹೊತ್ತೇ ಇಳಿಸಬೇಕು.

ಈ ಗೋಡೆಗಳು ಬೀಳುತ್ತಿವೆ. ಮಳೆನೀರು ಕುಡಿದ ಮಣ್ಣು ಹಿಂದಿನಿಂದ ನೂಕುತ್ತದೆ. ಗೋಡೆ ಮೊದಲು ಹೊಟ್ಟೆ ಬಿಡುತ್ತದೆ, ಆಮೇಲೊಂದು ರಾತ್ರಿ ಕುಸಿದು ಕೂರುತ್ತದೆ. ಮೇಲೆತ್ತಿ ಕಟ್ಟುವ ಕೆಲಸ ಬಲ್ಲವರು ಮುದುಕರಾಗಿದ್ದಾರೆ. ಬಯಲಿನ ತೋಟದಲ್ಲಿ ಯಂತ್ರ ಮಾಡುವ ಕೆಲಸವನ್ನೆಲ್ಲ ಇಲ್ಲಿ ಕೈಯಿಂದಲೇ ಮಾಡಬೇಕಾದ್ದರಿಂದ ದುಡಿಮೆ ಹಲವು ಪಟ್ಟು. ಸೀಸೆಯ ಬೆಲೆ ಮಾತ್ರ ಹಲವು ಪಟ್ಟಾಗುವುದಿಲ್ಲ. ಮಕ್ಕಳು ಪೇಟೆಯ ಕಾರ್ಖಾನೆಯಲ್ಲಿ ಒಳ್ಳೆಯ ಸಂಬಳಕ್ಕಿದ್ದಾರೆ. ಮೆಟ್ಟಲು ಹತ್ತಿ ಕಳೆ ಕೀಳಲು ಅವರನ್ನು ಯಾವ ಬಾಯಲ್ಲಿ ಕರೆಯುವುದು? ಹೀಗಾಗಿ ಹಸಿರು ಸಾಲುಗಳ ನಡುವೆ ಅಲ್ಲಲ್ಲಿ ಮುಳ್ಳುಪೊದೆ ಬೆಳೆದ ಪಟ್ಟಿಗಳು ಕಾಣುತ್ತವೆ. ಹಾದುಹೋಗುವ ಸವಾರನಿಗೆ ಅದೂ ಕಾಡಿನ ಚೆಲುವೇ. ಊರಿನವರು ಮಾತ್ರ ಅದು ಯಾರ ಪಟ್ಟಿ, ಯಾವ ವರ್ಷ ಬಿಟ್ಟದ್ದು ಎಂದು ಹೇಳಬಲ್ಲರು.

ತಾಯಿಯವರ ಪ್ರಶ್ನೆಗೆ ಈಗ ಉತ್ತರ ಹೇಳುವ ಧೈರ್ಯ ಬಂದಿದೆ. ತಾಯೀ, ಅಲ್ಲಿ ನೋಡುವುದಕ್ಕೆ ಇರುವುದು ಹೆಂಡದಂಗಡಿಯಲ್ಲ. ಬೆಟ್ಟಕ್ಕೆ ಮೆಟ್ಟಲು ಕಟ್ಟಿ ಬದುಕಿದ ರೈತರ ಕೈಕೆಲಸ. ಇನ್ನೊಂದು ತಲೆಮಾರು ಕಳೆದರೆ ಅದರಲ್ಲಿ ಎಷ್ಟು ಉಳಿದೀತೋ. ಕುಡಿಯದವರಿಗೂ ಅಲ್ಲಿ ಸ್ಥಳವುಂಟು. ಈ ಸೀಮೆಯ ದ್ರಾಕ್ಷಿ ರೈತ ವರ್ಷದಲ್ಲಿ ಹೆಚ್ಚೆಂದರೆ ನಾಲ್ಕು ತಿಂಗಳು ತನ್ನ ಮನೆಯಲ್ಲಿಯೇ, 40 ಜನ ಕೂರುವಷ್ಟು ಸ್ಥಳದಲ್ಲಿ, ಸ್ವಂತ ದ್ರಾಕ್ಷಾರಸವನ್ನೂ ಸರಳವಾದ ಊಟವನ್ನೂ ಬಡಿಸಬಹುದು. ಬಾಗಿಲಿಗೆ ಪೊರಕೆ ಕಟ್ಟಿದ್ದರೆ ಮನೆ ತೆರೆದಿದೆಯೆಂದು ಅರ್ಥ. ಆದ್ದರಿಂದ ಅದರ ಹೆಸರೇ 'ಬೆಸೆನ್', ಎಂದರೆ ಪೊರಕೆ. ನಮ್ಮಲ್ಲಿ ಹೊರಡುವಾಗ ಪೊರಕೆ ಎದುರಾದರೆ ಹಿಂದಿರುಗುವವರಿದ್ದಾರೆ. ಅಲ್ಲಿ ಪೊರಕೆ ಕಂಡರೆ ಬೈಸಿಕಲ್ಲನ್ನು ಗೋಡೆಗೊರಗಿಸಿ ಒಳಗೆ ಹೋಗಬೇಕು. ಅಂಥ ಮನೆಗಳಲ್ಲಿ ಹುಳಿಯಿಸದ ದ್ರಾಕ್ಷಿಹಣ್ಣಿನ ರಸವನ್ನು ಕೇಳಿ. ಉದ್ದನೆಯ ಮೇಜಿನಲ್ಲಿ ಅಪರಿಚಿತರ ಪಕ್ಕದಲ್ಲಿಯೇ ಕೂರಿಸುತ್ತಾರೆ. ಮಗಳಿಗೆ ಭಾಷೆ ಬರುವುದರಿಂದ, ಗೋಡೆಯ ಮಾತು ತೆಗೆಯಲಿ. ಆಮೇಲೆ ಅವರು ನಿಲ್ಲಿಸುವುದಿಲ್ಲ.

ಆಹಾರದ ವಿಚಾರದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಆಲೂಗಡ್ಡೆಯ ಪಲ್ಯದಂತೆ ಕಾಣುವ ಕೋಸಂಬರಿಗೆ ಮಾಂಸದ ಸಾರು ಬೆರೆಸುವುದು ಅಲ್ಲಿನ ವಾಡಿಕೆ. ಹೊಸ ರಸದ ಕಾಲದಲ್ಲಿ ಮಾಡುವ ಈರುಳ್ಳಿ ರೊಟ್ಟಿಯಲ್ಲಿ ಹಂದಿಯ ಕೊಬ್ಬಿನ ಚೂರುಗಳಿರಬಹುದು. ಗಿಣ್ಣು ಸೇರಿಸಿದ ಹಿಟ್ಟಿನ ಶ್ಯಾವಿಗೆ ಸಾಮಾನ್ಯವಾಗಿ ಸಿಗುತ್ತದೆ. ಅದರ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. 'ಮೌಲ್‌ಟಾಷೆ' ಎಂಬ ಕಡುಬೊಂದಿದೆ. ಉಪವಾಸದ ದಿನಗಳಲ್ಲಿ ಮಾಂಸ ತಿನ್ನಬೇಕೆನಿಸಿದ ಮಠದ ಸನ್ಯಾಸಿಗಳು, ಮೇಲಿರುವವನಿಗೆ ಕಾಣದಿರಲೆಂದು ಅದನ್ನು ಹಿಟ್ಟಿನೊಳಗೆ ಮುಚ್ಚಿಟ್ಟರೆಂದು ಜನ ನಗುತ್ತ ಕಥೆ ಹೇಳುತ್ತಾರೆ. ದೇವರಿಗೆ ಕಾಣದ್ದು ಮೇಷ್ಟರಿಗೂ ಕಾಣದಿದ್ದೀತು; ಕೇಳಿಯೇ ತಿನ್ನಬೇಕು.

ಅಳಿಯಂದಿರಿಗೂ ಒಂದು ಮಾತು. ಕುಡಿಯುವುದು ಅವರ ಇಷ್ಟ. ಆದರೆ ರಕ್ತದಲ್ಲಿ ಸಾವಿರಕ್ಕೆ 1.6 ಪಾಲು ಮದ್ಯವಿದ್ದರೆ ಜರ್ಮನಿಯಲ್ಲಿ ಬೈಸಿಕಲ್ ಸವಾರನೂ ಅಪರಾಧಿಯೇ; ತೂರಾಡಿದರೆ, ಅಪಘಾತವಾದರೆ, 0.3 ಇದ್ದರೂ ಕಷ್ಟ. ಗುಟುಕು ಸಂಜೆಗಿರಲಿ, ಬೈಸಿಕಲ್ಲಿಗೆ ಬೀಗ ಹಾಕಿದ ಮೇಲೆ. ಬೇಲಿಯಿಲ್ಲದ ತೋಟದ ಗೊನೆಯನ್ನು ಯಾರೂ ಕೀಳಬಾರದು. ತಿನ್ನಬೇಕೆನಿಸಿದರೆ ಕೇಳಿದರಾಯಿತು.

ಬೆಸಿಗ್‌ಹೈಮಿನಿಂದ ಮುಂದೆ ಲೌಫೆನ್. ಹೋಲ್ಡರ್ಲಿನ್ ಹುಟ್ಟಿದ್ದು ಇಲ್ಲಿ, 1770ರಲ್ಲಿ. ಸಾವಿನ ಗೋಪುರದಿಂದ ತೊಟ್ಟಿಲಿನ ಕಡೆಗೆ ನಾವು ಹೊಳೆಯ ಜೊತೆ ಬಂದಂತಾಯಿತು. 1891ರಲ್ಲಿ ಇಲ್ಲಿಯ ಜಲಶಕ್ತಿಯಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 175 ಕಿ.ಮೀ. ದೂರದ ಫ್ರಾಂಕ್‌ಫರ್ಟಿಗೆ ತಂತಿಯ ಮೂಲಕ ಕಳಿಸಿ ಜಗತ್ತನ್ನು ಬೆರಗುಗೊಳಿಸಿದರು. ಹನ್ನೊಂದು ವರ್ಷ ಕಳೆದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಮೈಸೂರಿನವರಿಗೆ ನೆನಪಿದ್ದೇ ಇರುತ್ತದೆ.

ಲೌಫೆನ್ನಿನಲ್ಲಿ ಜಾಬರ್ ಎಂಬ ಸಣ್ಣ ಹೊಳೆ ನೆಕ್ಕರನ್ನು ಕೂಡುತ್ತದೆ. ಅದರ ಗುಂಟ ಪಶ್ಚಿಮಕ್ಕೆ ಹತ್ತು ಕಿ.ಮೀ. ಆಸುಪಾಸು ಹೋದರೆ ಬ್ರಾಕೆನ್‌ಹೈಮ್. ಮುಖ್ಯ ದಾರಿಯನ್ನು ಬಿಟ್ಟು ಹೋಗಲೇಬೇಕಾದ ಸ್ಥಳ ಇದೊಂದೇ. ಕೆಂಪು ದ್ರಾಕ್ಷಾರಸಕ್ಕೆ, ಅದರಲ್ಲೂ ಲೆಂಬರ್ಗರ್ ಎಂಬ ಕಪ್ಪು ದ್ರಾಕ್ಷಿಗೆ, ಹೆಸರಾದ ಊರು. ಎರಡನೆಯ ಮಹಾಯುದ್ಧದ ತರುವಾಯ 1949ರಲ್ಲಿ ಪಶ್ಚಿಮ ಜರ್ಮನಿಯ ಪ್ರಥಮ ಅಧ್ಯಕ್ಷರಾದ ಟೆಯೊಡೋರ್ ಹಾಯ್ಸ್ ಹುಟ್ಟಿದ್ದು ಇಲ್ಲಿ. ಅವರು ಡಾಕ್ಟರೇಟಿಗಾಗಿ ಬರೆದ ಪ್ರಬಂಧದ ವಿಷಯವೂ ಪಕ್ಕದ ಹೈಲ್‌ಬ್ರಾನ್ ಊರಿನ ದ್ರಾಕ್ಷಿ ರೈತರ ಜೀವನವೇ! ಮೋಗ್ಲಿಂಗರು ಹುಟ್ಟಿದ್ದೂ ಇದೇ ಊರಿನಲ್ಲಿ, 1811ರಲ್ಲಿ. ಈ ದ್ರಾಕ್ಷಿ ಸಾಲುಗಳ ನಡುವೆ ಜನಿಸಿದ ಒಬ್ಬರು 1836ರಲ್ಲಿ ಮಂಗಳೂರಿಗೆ ಬಂದು, ಕನ್ನಡ ಕಲಿತು, ಕನ್ನಡಿಗರ ಕೈಗೆ ಸಮಾಚಾರ ಪತ್ರಿಕೆ ಕೊಟ್ಟು, ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಅವರು ಬಂದದ್ದು ಮತಪ್ರಚಾರಕ್ಕೆ. ಆ ಮಾತನ್ನು ಮುಚ್ಚಿಡಬೇಕಾದ್ದಿಲ್ಲ. ಅವರಿಂದ ಕನ್ನಡಕ್ಕೆ ದೊರೆತದ್ದನ್ನೂ ಮರೆಯಬೇಕಾದ್ದಿಲ್ಲ. ಮೇಷ್ಟರು ಈ ಊರಿನಲ್ಲಿ ಒಂದು ರಾತ್ರಿ ತಂಗಲಿ. ಬೆಳಗ್ಗೆ ಎದ್ದು ಆ ಗುಡ್ಡಗಳನ್ನು ನೋಡಲಿ.

ಉಳಿದದ್ದನ್ನು ಬೇಗ ಹೇಳಬಹುದು. ಹೈಲ್‌ಬ್ರಾನ್, ಚಕ್ರವರ್ತಿಗಳ ಹಳೆಯ ಅರಮನೆಯ ಗೋಡೆಗಳಿರುವ ಬಾಡ್ ವಿಂಪ್‌ಫೆನ್. ಅಲ್ಲಿಂದ ಮುಂದೆ ಕಾಡು ಹೆಚ್ಚಿ ದ್ರಾಕ್ಷಿ ವಿರಳವಾಗುತ್ತದೆ. ಎಬರ್‌ಬಾಖ್ ದಾಟಿ ನದಿ ಪಶ್ಚಿಮಕ್ಕೆ ಹೊರಳುವುದರಿಂದ ಎದುರುಗಾಳಿ ಬೀಸೀತು. ಆ ದಿನದ ದೂರವನ್ನು ಕಡಮೆಯಿಟ್ಟುಕೊಳ್ಳಿ. ಹೈಡೆಲ್‌ಬರ್ಗ್ ಕೋಟೆಯ ನೆಲಮಾಳಿಗೆಯಲ್ಲಿ 1751ರಲ್ಲಿ ಮಾಡಿದ ಮರದ ಪೀಪಾಯಿಯಿದೆ. 2 ಲಕ್ಷ 20 ಸಾವಿರ ಲೀಟರಿನಷ್ಟು ಹಿಡಿಯುವಂಥದು; ರೈತರು ದೊರೆಗೆ ತೆರಿಗೆಯಾಗಿ ಸಲ್ಲಿಸುತ್ತಿದ್ದ ದ್ರಾಕ್ಷಾರಸವನ್ನು ಅದರಲ್ಲಿ ಸುರಿಯುತ್ತಿದ್ದರು. ಗುಡ್ಡದ ಮೆಟ್ಟಲುಗಳನ್ನು ನೋಡಿ ಬಂದವರಿಗೆ ಆ ಪೀಪಾಯಿಯ ಗಾತ್ರ ಬೇರೆಯೇ ರೀತಿಯಲ್ಲಿ ಕಂಡೀತು.

ಇನ್ನು ಕಾಗದಪತ್ರಗಳು. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30 ಸಾವಿರ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ವಸತಿಗೆ, ಬೈಸಿಕಲ್ ಸವಾರರನ್ನು ಒಂದು ರಾತ್ರಿಗೂ ಇಳಿಸಿಕೊಂಡು ಬೈಸಿಕಲ್ಲಿಗೆ ಬೀಗದ ಕೋಣೆ ಕೊಡುವ ಮನೆಗಳ ಪಟ್ಟಿಯನ್ನು ಜರ್ಮನಿಯ ಬೈಸಿಕಲ್ ಸಂಘ ಇಟ್ಟಿದೆ. ಕೊಯ್ಲಿನ ಕಾಲದಲ್ಲಿ ಮುಂಚಿತವಾಗಿ ಕಾದಿರಿಸಬೇಕು. ಮಳೆಯಂಗಿ, ಉಣ್ಣೆಯ ಕೈಚೀಲ, ಬೈಸಿಕಲ್ಲಿಗೆ ದೀಪ. ಬೆಳಗ್ಗೆ ಹೊಳೆಯ ಮೇಲೆ ಮಂಜು ಕವಿದಿರುತ್ತದೆ.

ಯಾತ್ರೆ ಮುಗಿಯುವ ಮಾನ್‌ಹೈಮ್ ದ್ರಾಕ್ಷಿಯ ಊರಲ್ಲ, ಬೈಸಿಕಲ್ಲಿನ ತವರು. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬವನು ಎರಡು ಗಾಲಿಗಳ ಮರದ ಯಂತ್ರವೊಂದನ್ನು ಕಾಲಿನಿಂದ ನೆಲ ಒದೆಯುತ್ತ ಈ ಊರಿನಿಂದ ಹೊರಗೆ ಓಡಿಸಿದನು. ಅದಕ್ಕೆ ಪೆಡಲ್ ಇರಲಿಲ್ಲ. ಕ್ಷಾಮದಲ್ಲಿ ಓಟ್ಸ್ ದುಬಾರಿಯಾಗಿ ಕುದುರೆ ಸಾಕುವುದು ಕಷ್ಟವಾದದ್ದೇ ಅವನಿಗೆ ಪ್ರೇರಣೆಯೆಂದು ಕೆಲವು ಇತಿಹಾಸಕಾರರು ಊಹಿಸುತ್ತಾರೆ. ಹಾಗಿದ್ದರೆ ಕಾನ್‌ಸ್ಟಾಟಿನ ಜಾತ್ರೆಯೂ ಬೈಸಿಕಲ್ಲೂ ಒಂದೇ ಅಗ್ನಿಪರ್ವತದ ಮಕ್ಕಳು. ಎಲ್ಲರೂ ಒಪ್ಪಿದ ಮಾತಲ್ಲ.

ಮಾನ್‌ಹೈಮಿನಿಂದ ಸ್ಟುಟ್‌ಗಾರ್ಟಿಗೆ ವೇಗದ ರೈಲು ಮುಕ್ಕಾಲು ಗಂಟೆಯೊಳಗೆ ತಲಪಿಸುತ್ತದೆ. ಹಲವು ಸುರಂಗಗಳ ಮೂಲಕ. ಬೈಸಿಕಲ್ಲುಗಳನ್ನೂ ಅದರಲ್ಲಿ ಒಯ್ಯುವುದಾದರೆ ಮೊದಲೇ ಸ್ಥಳ ಕಾದಿರಿಸಬೇಕು. ಎಬರ್‌ಬಾಖ್, ಹೈಲ್‌ಬ್ರಾನ್ ಮಾರ್ಗದ ಪ್ರಾದೇಶಿಕ ರೈಲು ಬಹಳ ನಿಧಾನ. ಮೇಷ್ಟರು ಅದನ್ನೇ ಹತ್ತಲಿ. ಬಂದ ದಾರಿ ಬಹುಮಟ್ಟಿಗೆ ಕಿಟಕಿಯಲ್ಲಿ ಮತ್ತೊಮ್ಮೆ ಕಾಣುತ್ತದೆ.